ಸುಡಾನಿನ ಹಸಿವು, ನಮ್ಮ ಮುಯ್ಯಿ

ಗಾಣದಲ್ಲಿ ಕಡಲೆಕಾಯಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ನಮ್ಮ ಕಡೆ ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಕಲಗಚ್ಚಿಗೆ ಕಲಸಿ ಕರೆಯುವ ಹಸುವಿನ ಮುಂದೆ ಇಡುತ್ತಾರೆ. ಒಣಗಿದ ಹಿಂಡಿ ಕಲ್ಲಿನಷ್ಟು ಗಟ್ಟಿ, ನೆನೆದರೆ ಕೊಟ್ಟಿಗೆಯೆಲ್ಲ ಕಮಟು ವಾಸನೆ. ತೇವ ತಗುಲಿ ಬೂಷ್ಟು ಹಿಡಿದ ಹಿಂಡಿಯನ್ನು ದನಕ್ಕೂ ಹಾಕಬಾರದು, ತಿಪ್ಪೆಗೆ ಎಸೆಯಬೇಕು ಎಂದು ಹಿರಿಯರು ಎಚ್ಚರಿಸುತ್ತಿದ್ದರು. ಇದೇ ಹಿಂಡಿಗೆ ಸುಡಾನಿನಲ್ಲಿ ಅಂಬಾಝ್ ಎನ್ನುತ್ತಾರೆ. 2025ರಲ್ಲಿ ಆ ದೇಶದ ಪಶ್ಚಿಮದಲ್ಲಿರುವ ಎಲ್ ಫಾಶೆರ್ ನಗರದ ತಾಯಂದಿರು ಅಂಬಾಝನ್ನು ನೀರಲ್ಲಿ ಕುದಿಸಿ ಮಕ್ಕಳಿಗೆ ತಿನ್ನಿಸಿದರು. ಕೊನೆ ಕೊನೆಗೆ ಅದೂ ಸಿಗದಂತಾಯಿತು.

ಇದನ್ನು ಕೇಳಿದಾಗ ಯಾರ ಬಾಯಲ್ಲಾದರೂ ಮೊದಲು ಬರುವುದು 'ಅಯ್ಯೋ ಪಾಪ'. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಹೇಳಿದ ಮರುಗಳಿಗೆಯಲ್ಲೇ ಏನು ಮಾಡಬೇಕೆಂದು ತೋಚದೆ ಫೋನ್ ಕೆಳಗಿಡುತ್ತೇವೆ. ನಾಲ್ಕು ಸಲ ಹೀಗಾದ ಮೇಲೆ ಐದನೆಯ ಸಲ ಸುದ್ದಿಯನ್ನೇ ತೆರೆಯುವುದಿಲ್ಲ. ದೂರದ ಯುದ್ಧದಲ್ಲಿ ನರಳುವವರ ಬಗ್ಗೆ ನಮ್ಮಲ್ಲಿ ಏಳುವ ಮರುಕ ಯಾಕೆ ಹೀಗೆ ಬೇಗ ಬತ್ತುತ್ತದೆ, ಬತ್ತದಂತೆ ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಸುಡಾನ್ ಒಂದನ್ನೇ ಹಿಡಿದು ಬಿಡಿಸಿ ನೋಡೋಣ.

ಎಲ್ ಫಾಶೆರ್ ಎಂಬ ಹೆಸರು ಕರ್ನಾಟಕಕ್ಕೆ ತೀರ ಹೊಸದೇನಲ್ಲ. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದಾಗ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಆ ಊರಲ್ಲಿ ಸಿಕ್ಕಿಬಿದ್ದಿದ್ದರು. ಗಿಡಮೂಲಿಕೆ ಔಷಧಿ, ತಲೆಗೂದಲಿನ ಎಣ್ಣೆ ಮಾರಲು ಅಷ್ಟು ದೂರ ಹೋಗಿ, ಬಾಡಿಗೆ ಮನೆ ಹಿಡಿದು ಬದುಕುತ್ತಿದ್ದವರು. ಕುಡಿಯುವ ನೀರಿಲ್ಲ, ಊಟವಿಲ್ಲ, ಹೊರಗೆ ಗುಂಡಿನ ಸದ್ದು ಎಂದು ಫೋನಿನಲ್ಲಿ ಅವರು ಹೇಳಿಕೊಂಡಿದ್ದು ಇಲ್ಲಿ ದೊಡ್ಡ ಸುದ್ದಿಯಾಯಿತು, ಚುನಾವಣೆಯ ಹೊತ್ತಲ್ಲಿ ರಾಜಕೀಯ ಜಟಾಪಟಿಗೂ ಕಾರಣವಾಯಿತು. ಭಾರತ ಸರ್ಕಾರ 'ಆಪರೇಷನ್ ಕಾವೇರಿ' ನಡೆಸಿ ಪೋರ್ಟ್ ಸುಡಾನ್, ಜಿದ್ದಾ ಮಾರ್ಗವಾಗಿ 3,862 ಮಂದಿಯನ್ನು ಕರೆತಂದಿತು. ಹಕ್ಕಿಪಿಕ್ಕಿಗಳೂ ಮನೆ ಸೇರಿದರು. ಅಲ್ಲಿಗೆ ನಮ್ಮ ಮಟ್ಟಿಗೆ ಸುದ್ದಿ ಮುಗಿಯಿತು. ಅವರ ಅಕ್ಕಪಕ್ಕದ ಮನೆಗಳಲ್ಲಿದ್ದವರಿಗೆ ಮಾತ್ರ ಹಡಗು ಹತ್ತಿ ವಾಪಸ್ ಹೋಗಲು ಇನ್ನೊಂದು ಊರಿರಲಿಲ್ಲ.

ಯುದ್ಧ ನಡೆಯುತ್ತಿರುವುದು ಇಬ್ಬರು ಸೇನಾಧಿಪತಿಗಳ ನಡುವೆ. ಒಬ್ಬರು ಸುಡಾನ್ ಸೇನೆಯ ಮುಖ್ಯಸ್ಥ ಅಬ್ದೆಲ್ ಫತಾಹ್ ಅಲ್ ಬುರ್ಹಾನ್. ಇನ್ನೊಬ್ಬರು ರ‍್ಯಾಪಿಡ್ ಸಪೋರ್ಟ್ ಫೋರ್ಸಸ್, ಅಂದರೆ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಮುಖಂಡ ಮೊಹಮದ್ ಹಮ್ದಾನ್ ದಗಾಲೊ. ಜನ ಕರೆಯುವುದು ಹೆಮೆಟಿ ಎಂದು. 2003ರಿಂದ, ಎಲ್ ಫಾಶೆರ್ ಇರುವ ಡಾರ್ಫುರ್ ಪ್ರಾಂತ್ಯದಲ್ಲಿ ಹಳ್ಳಿಗಳನ್ನು ಸುಟ್ಟ ಜಂಜಾವೀದ್ ದಂಡುಗಳಿಂದಲೇ ಆರ್‌ಎಸ್‌ಎಫ್ ಬೆಳೆದದ್ದು. 2019ರಲ್ಲಿ ಜನ ಬೀದಿಗಿಳಿದು ಸರ್ವಾಧಿಕಾರಿ ಒಮರ್ ಅಲ್ ಬಶೀರ್ ಆಳ್ವಿಕೆ ಕೊನೆಗಾಣಿಸಿದರು. 2021ರ ಅಕ್ಟೋಬರ್‌ನಲ್ಲಿ ಈ ಇಬ್ಬರೂ ಸೇರಿ ನಾಗರಿಕ ಸರ್ಕಾರವನ್ನು ಕಿತ್ತೆಸೆದರು. ಆಮೇಲೆ ಅಧಿಕಾರ ಹಂಚಿಕೊಳ್ಳುವಲ್ಲಿ ಜಗಳ ಹತ್ತಿತು. 2023ರ ಏಪ್ರಿಲ್ 15ರಂದು ರಾಜಧಾನಿ ಖಾರ್ಟೂಮ್‌ನಲ್ಲಿ ಗುಂಡು ಹಾರಿತು. ಸುಮಾರು ಐದು ಕೋಟಿ ಜನರ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಮನೆ ಬಿಟ್ಟರು. ಇವತ್ತು ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಗುಳೆ ಇಲ್ಲ.

ಹಾಗಾದರೆ ಇದರ ಸುದ್ದಿ ನಮ್ಮ ಮೊಬೈಲಿಗೆ ಯಾಕೆ ಅಷ್ಟಾಗಿ ಬರುವುದಿಲ್ಲ? ನನಗೆ ಕಾಣುವ ಕಾರಣ ಹೇಳುತ್ತೇನೆ, ಕಹಿಯೆನಿಸಿದರೂ. ಈ ಯುದ್ಧ ನಮ್ಮ ಜಗಳಗಳಿಗೆ ಒದಗುವುದಿಲ್ಲ. ಸಾಯುವವರೂ ಸಾಯಿಸುವವರೂ ಬಹುಪಾಲು ಒಂದೇ ಧರ್ಮದವರು. ಇಲ್ಲಿಯ ಯಾವ ಪಕ್ಷಕ್ಕೂ ಇದರಿಂದ ಲಾಭವಿಲ್ಲ, ಯಾವ ವಾಟ್ಸ್ಆ್ಯಪ್ ಗುಂಪಿಗೂ ಇದು ವಾದ ಗೆಲ್ಲುವ ಸಾಮಗ್ರಿಯಲ್ಲ. ದೂರದ ಯುದ್ಧಗಳ ಬಗ್ಗೆ ನಾವು ತೋರುವ ಎಷ್ಟೋ ಮರುಕ ನಿಜವಾಗಿ ಹತ್ತಿರದ ಯಾರ ಮೇಲೋ ಇರುವ ಸಿಟ್ಟು. ಸುಡಾನಿನಲ್ಲಿ ಆ ಸಿಟ್ಟಿಗೆ ಜಾಗವಿಲ್ಲ. ಹಾಗಾಗಿ ಉಳಿದದ್ದು ಬರೀ ಕರುಣೆಯೇ, ಅಥವಾ ಏನೂ ಇಲ್ಲವೇ ಎಂಬುದು ಇಲ್ಲಿ ತಿಳಿಯುತ್ತದೆ.

ಈಗ ಹಸಿವಿನ ವಿಷಯಕ್ಕೆ ಬರೋಣ. ಬರಗಾಲ ಅಂದರೆ ನಮಗೆ ನೆನಪಾಗುವುದು ಮಳೆ ಕೈಕೊಟ್ಟ ವರ್ಷ, ಒಣಗಿದ ಕೆರೆ, ಬಿರುಕುಬಿಟ್ಟ ಹೊಲ. ಸುಡಾನಿನದು ಅಂಥ ಬರವಲ್ಲ. ಎರಡು ನೈಲ್ ನದಿಗಳು ಕೂಡುವ ದೇಶ ಅದು. ಅಲ್ಲಿನ ಜನರ ಮುಖ್ಯ ಧಾನ್ಯ ನಮ್ಮ ಉತ್ತರ ಕರ್ನಾಟಕದ್ದೇ ಜೋಳ. ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತೊಳಸಿ ಮುದ್ದೆಯಂತೆ ಮಾಡಿ, ಸಾರಿನ ಜೊತೆ ಎಲ್ಲರೂ ಒಂದೇ ತಟ್ಟೆಯಿಂದ ಮುರಿದು ತಿನ್ನುತ್ತಾರೆ. ಅದರ ಹೆಸರು ಅಸೀದಾ. ಕಡಲೆಕಾಯಿ ಬೆಳೆಯುವುದರಲ್ಲಿ ಸುಡಾನ್ ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದು. ಇಂಥ ನೆಲದಲ್ಲಿ ಮಕ್ಕಳು ಹಿಂಡಿ ತಿನ್ನಬೇಕಾಯಿತು ಎಂದರೆ ಅದು ಮಳೆಯ ತಪ್ಪಾಗಲು ಸಾಧ್ಯವಿಲ್ಲ.

ಆದದ್ದು ಇಷ್ಟು. 2024ರ ಮಧ್ಯದಿಂದ ಆರ್‌ಎಸ್‌ಎಫ್ ಎಲ್ ಫಾಶೆರನ್ನು ಮುತ್ತಿತು. ಬರುವ ಲಾರಿಗಳನ್ನು ತಡೆಯಿತು, ಮಾರುಕಟ್ಟೆಗೆ ಶೆಲ್ ಹೊಡೆಯಿತು. 2025ರಲ್ಲಿ ನಗರದ ಸುತ್ತ ಮಣ್ಣಿನ ಏರಿ ಎಬ್ಬಿಸಲು ತೊಡಗಿತು. ನಾವು ಕೆರೆಗೆ ಏರಿ ಹಾಕುವುದು ನೀರು ನಿಲ್ಲಲೆಂದು. ಈ ಏರಿ ಹಾಕಿದ್ದು ಒಳಗೆ ಅನ್ನ ಬರದಿರಲಿ, ಹೊರಗೆ ಜನ ಹೋಗದಿರಲಿ ಎಂದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಉಪಗ್ರಹ ಚಿತ್ರಗಳಲ್ಲಿ ಅದು ದಿನೇದಿನೇ ಉದ್ದವಾಗುವುದನ್ನು ಅಳೆಯಿತು. ಆಗಸ್ಟ್ ಹೊತ್ತಿಗೇ 30 ಕಿಲೋಮೀಟರ್ ದಾಟಿತ್ತು. ಒಳಗೆ ಸಿಕ್ಕಿಕೊಂಡವರು ಸುಮಾರು 2,60,000 ಮಂದಿ, ಅವರಲ್ಲಿ ಅರ್ಧ ಮಕ್ಕಳು ಎಂದು ಯುನಿಸೆಫ್ ಲೆಕ್ಕ ಕೊಟ್ಟಿತು. ಆ ಜೂನ್‌ನಲ್ಲಿ ನಗರದತ್ತ ಹೊರಟಿದ್ದ ವಿಶ್ವಸಂಸ್ಥೆಯ ಆಹಾರದ ಲಾರಿಗಳ ಸಾಲಿನ ಮೇಲೆ ದಾರಿಯಲ್ಲೇ ದಾಳಿಯಾಗಿ ಐವರು ಸತ್ತರು.

ಹಸಿವನ್ನು ಆಯುಧ ಮಾಡಿಕೊಂಡದ್ದು ಒಂದೇ ಕಡೆಯವರಲ್ಲ. ಚಾಡ್ ಗಡಿಯ ಆದ್ರೆ ಎಂಬಲ್ಲಿ ಡಾರ್ಫುರಿಗೆ ಧಾನ್ಯ ಹೋಗುವ ದಾರಿಯಿದೆ. 2024ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಅದನ್ನು ಮುಚ್ಚಿಸಿದ್ದು ಸುಡಾನ್ ಸೇನೆಯ ಕಡೆಯ ಸರ್ಕಾರ. ಸಂತೆಗಳ ಮೇಲೆ ವಿಮಾನದಿಂದ ಬಾಂಬು ಹಾಕಿದ ಆರೋಪವೂ ಸೇನೆಯ ಮೇಲಿದೆ. ಹಾಗೆಂದು ಎರಡೂ ಕಡೆಯವರ ಪಾಪವನ್ನು ತಕ್ಕಡಿಯಲ್ಲಿಟ್ಟು ಸಮ ಮಾಡಬೇಕಾಗಿಲ್ಲ. ಎಲ್ ಜನೀನಾ ಎಂಬ ಒಂದೇ ಊರಲ್ಲಿ 2023ರಲ್ಲಿ 10,000ದಿಂದ 15,000 ಜನರನ್ನು, ಹೆಚ್ಚಾಗಿ ಮಸಾಲಿತ್ ಬುಡಕಟ್ಟಿನವರನ್ನು, ಆರ್‌ಎಸ್‌ಎಫ್ ಮತ್ತು ಅದರ ಜೊತೆಗಾರರು ಕೊಂದರೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ವರದಿ ಮಾಡಿದೆ. ನಾವು ಯಾರ ಕಡೆ ಎಂದು ಕೇಳಿದರೆ, ಏರಿಯ ಒಳಗೆ ಸಿಕ್ಕಿದವರ ಕಡೆ.

ಜನರನ್ನು ಉಪವಾಸ ಕೆಡವಿ ಯುದ್ಧ ಮಾಡುವುದು ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಅಪರಾಧ. ಭದ್ರತಾ ಮಂಡಳಿ 2018ರ 2417ನೇ ನಿರ್ಣಯದಲ್ಲಿ ಅದನ್ನು ಖಂಡಿಸಿದೆ. ಎಲ್ ಫಾಶೆರ್ ಮುತ್ತಿಗೆ ನಿಲ್ಲಿಸಿ ಎಂದು 2024ರ ಜೂನ್‌ನಲ್ಲಿ ಹೆಸರು ಹಿಡಿದೇ ನಿರ್ಣಯ ಮಾಡಿತು. ಮುತ್ತಿಗೆ ನಿಲ್ಲಲಿಲ್ಲ.

'ಕ್ಷಾಮ' ಎಂಬ ಮಾತನ್ನು ವಿಶ್ವಸಂಸ್ಥೆ ಬಾಯಿಗೆ ಬಂದಂತೆ ಬಳಸುವುದಿಲ್ಲ. ಐಪಿಸಿ ಎಂಬ ಐದು ಹಂತಗಳ ಅಳತೆಗೋಲಿದೆ. ನೂರಕ್ಕೆ ಕನಿಷ್ಠ ಇಪ್ಪತ್ತು ಮನೆಗಳಲ್ಲಿ ತಿನ್ನಲು ಏನೂ ಇಲ್ಲವೆನ್ನುವ ಸ್ಥಿತಿ, ನೂರಕ್ಕೆ ಮೂವತ್ತು ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ, ಹಸಿವು ಮತ್ತು ಅದರಿಂದ ಬರುವ ಕಾಯಿಲೆಗೆ ಹತ್ತು ಸಾವಿರಕ್ಕೆ ದಿನಕ್ಕೆ ಎರಡು ಸಾವು. ಹೀಗಿದ್ದರೆ ಐದನೇ ಹಂತ. ಒಂದು ಲಕ್ಷ ಜನರಿರುವ ಊರೆಂದರೆ ದಿನಕ್ಕೆ ಇಪ್ಪತ್ತು ಹೆಣ, ತಿಂಗಳಿಗೆ ಆರುನೂರು. ಎಲ್ ಫಾಶೆರ್ ಪಕ್ಕದ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆ ಎಂದು 2024ರ ಆಗಸ್ಟ್ 1ರಂದು ತೀರ್ಮಾನವಾಯಿತು. 2025ರ ಏಪ್ರಿಲ್‌ನಲ್ಲಿ ಆ ಶಿಬಿರದ ಮೇಲೇ ಆರ್‌ಎಸ್‌ಎಫ್ ದಾಳಿ ಮಾಡಿತು. ಅಕ್ಟೋಬರ್ 26ರಂದು ಎಲ್ ಫಾಶೆರ್ ಬಿತ್ತು. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಮಂದಿಯನ್ನು ಕೊಂದ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಹೊರಹಾಕಿತು. ಬದುಕುಳಿದವರಲ್ಲಿ ಎಷ್ಟೋ ಜನ ತವೀಲಾ ಎಂಬ ಊರಿನ ದಿಕ್ಕಿಗೆ ನಡೆದರು. ಸುಮಾರು ಅರುವತ್ತು ಕಿಲೋಮೀಟರ್.

ಇಷ್ಟು ಹೊತ್ತು ಓದಿದ ಸಂಖ್ಯೆಗಳಲ್ಲಿ ಎಷ್ಟು ನೆನಪಿವೆ? ಹಿಂಡಿ ಮಾತ್ರ ನೆನಪಿರಬಹುದು. ಅದರಲ್ಲಿ ತಪ್ಪೇನಿಲ್ಲ, ಮನಸ್ಸು ಇರುವುದೇ ಹಾಗೆ. ಡೆಬೊರಾ ಸ್ಮಾಲ್, ಪಾಲ್ ಸ್ಲೋವಿಕ್ ಮುಂತಾದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಭಾಗವಹಿಸಿದವರ ಕೈಗೆ ಐದು ಡಾಲರ್ ಕೊಟ್ಟು, ಆಫ್ರಿಕಾದ ಹಸಿದವರಿಗೆ ಇದರಲ್ಲಿ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಒಬ್ಬ ಹುಡುಗಿಯ ಫೋಟೊ, ಹೆಸರು ತೋರಿಸಿದಾಗ ಸರಾಸರಿ 2.38 ಡಾಲರ್ ಬಂತು. ಲಕ್ಷಾಂತರ ಜನರ ಅಂಕಿಅಂಶ ತೋರಿಸಿದಾಗ 1.14. ಹುಡುಗಿಯ ಫೋಟೊ ಜೊತೆಗೆ ಅಂಕಿಅಂಶವನ್ನೂ ಸೇರಿಸಿದರೆ ಹೆಚ್ಚಾಗಬೇಕಿತ್ತಲ್ಲ? ಇಲ್ಲ, 1.43ಕ್ಕೆ ಇಳಿಯಿತು. ಲಕ್ಷದ ಲೆಕ್ಕ ಕಿವಿಗೆ ಬಿದ್ದೊಡನೆ 'ನನ್ನಿಂದ ಏನಾದೀತು' ಎಂಬ ಸೋಲು ಒಳಗೆ ಹೊಕ್ಕು, ಆ ಒಬ್ಬಳಿಗೆ ಕೊಡುವ ಕೈಯನ್ನೂ ಹಿಂದಕ್ಕೆಳೆಯುತ್ತದೆ.

ಇನ್ನೊಂದು ತೊಡಕು ಹೆಚ್ಚು ಮಿಡಿಯುವವರದ್ದು. ಅವರು ಪ್ರತಿ ವಿಡಿಯೊ ನೋಡುತ್ತಾರೆ, ನಿದ್ದೆಗೆಡುತ್ತಾರೆ, ಊಟ ಸೇರುವುದಿಲ್ಲ, ಒಂದು ದಿನ ಎಲ್ಲವನ್ನೂ ಬಂದ್ ಮಾಡಿ ಕೂರುತ್ತಾರೆ. ಟಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಮುಂತಾದ ಸಂಶೋಧಕರು ಇದನ್ನೇ ಅಧ್ಯಯನ ಮಾಡಿದರು. ಮತ್ತೊಬ್ಬರ ನೋವನ್ನು ತನ್ನದೇ ನೋವಿನಂತೆ ಅನುಭವಿಸುವ ತರಬೇತಿ ಪಡೆದವರಲ್ಲಿ ಸಂಕಟವೇ ಹೆಚ್ಚಾಯಿತು. ಅದೇ ಜನರಿಗೆ ಆಮೇಲೆ ಕರುಣೆಯ ಅಭ್ಯಾಸ ಮಾಡಿಸಿದರು, ಅಂದರೆ ನೊಂದವರಿಗೆ ಒಳ್ಳೆಯದಾಗಲಿ ಎಂಬ ಹಾರೈಕೆಯನ್ನು ಮನಸ್ಸಿನಲ್ಲಿ ಬೆಳೆಸುವುದು. ಆಗ ಅದೇ ನೋವಿನ ದೃಶ್ಯ ನೋಡಿಯೂ ಅವರು ಕುಗ್ಗಲಿಲ್ಲ. ಮಿದುಳಿನಲ್ಲಿ ಚುರುಕಾದ ಭಾಗಗಳೂ ಬೇರೆಯಾಗಿದ್ದವು. ಜ್ವರ ಬಂದ ಮಗುವಿನ ಪಕ್ಕ ಅಮ್ಮ ತಾನೂ ಜ್ವರ ತಂದುಕೊಂಡು ಮಲಗುವುದಿಲ್ಲ, ಒದ್ದೆ ಬಟ್ಟೆ ಹಾಕುತ್ತ ರಾತ್ರಿಯೆಲ್ಲ ಕೂರುತ್ತಾಳೆ. ನಮಗೆ ಬೇಕಿರುವುದು ಆ ಒದ್ದೆ ಬಟ್ಟೆಯ ಕೆಲಸ.

ವಿಡಿಯೊಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಎಲ್ ಫಾಶೆರ್ ಬಿದ್ದ ವಾರ ಹರಿದಾಡಿದ ದೃಶ್ಯಗಳಲ್ಲಿ ಬಹಳಷ್ಟನ್ನು ಚಿತ್ರೀಕರಿಸಿದವರು ಕೊಂದವರೇ. ಬೇಡಿಕೊಳ್ಳುವವರ ಮುಖಕ್ಕೆ ಫೋನ್ ಹಿಡಿದು, ನಗುತ್ತ, ತಮ್ಮ ಪೌರುಷ ಮೆರೆಸಲು ತೆಗೆದದ್ದು. ತನಿಖೆ ಮಾಡುವವರಿಗೆ ಅವು ಸಾಕ್ಷಿ, ಅವರು ಜೋಪಾನ ಮಾಡುತ್ತಾರೆ. ನಾವು ಅದನ್ನು ಇನ್ನೊಂದು ಗುಂಪಿಗೆ ಕಳಿಸಿದರೆ ಕೊಂದವನ ಆಸೆ ಈಡೇರಿಸಿದಂತೆ. ಸತ್ತವರ ಅಕ್ಕ ತಂಗಿಯರು ಆ ವಿಡಿಯೊದಿಂದಲೇ ಸಾವಿನ ಸುದ್ದಿ ತಿಳಿಯುವ ಗತಿ ಬಂದಿದೆ. ದಯವಿಟ್ಟು ಕಳಿಸಬೇಡಿ.

ಹಾಗಾದರೆ ಒದ್ದೆ ಬಟ್ಟೆಯ ಕೆಲಸವನ್ನು ಅಲ್ಲಿ ಯಾರು ಮಾಡುತ್ತಿದ್ದಾರೆ? ಇದು ನನಗೆ ತುಂಬ ಮುಖ್ಯವಾದ ಭಾಗ. ಸುಡಾನಿನಲ್ಲಿ ನಫೀರ್ ಎಂಬ ಪದ್ಧತಿಯಿದೆ. ಯಾರದೋ ಬೆಳೆ ಕೊಯ್ಲಿಗೆ ಬಂದಿದೆ, ಯಾರದೋ ಮನೆ ಬಿದ್ದಿದೆ ಎಂದರೆ ಕೂಗು ಹಾಕುತ್ತಾರೆ, ಊರು ಸೇರುತ್ತದೆ, ಕೂಲಿಯಿಲ್ಲದೆ ಕೆಲಸ ಮುಗಿಯುತ್ತದೆ. ನಾಳೆ ಇನ್ನೊಬ್ಬರ ಸರದಿ. ನಮ್ಮ ಹಳ್ಳಿಗಳ ಮುಯ್ಯಾಳು ಇದೇ ಅಲ್ಲವೇ! ನಾಟಿಗೆ ಇವತ್ತು ನಿಮ್ಮ ಗದ್ದೆಗೆ ನಾವು ನಾಲ್ಕು ಜನ, ನಾಡಿದ್ದು ನಮ್ಮ ಗದ್ದೆಗೆ ನೀವು ನಾಲ್ಕು ಜನ. ಯುದ್ಧ ಶುರುವಾಗಿ ದೊಡ್ಡ ಸಂಸ್ಥೆಗಳು ಜಾಗ ಖಾಲಿ ಮಾಡಿದಾಗ ನಫೀರ್ ಬೆನ್ನಿಗೆ ನಿಂತಿತು. 2019ರ ಚಳವಳಿ ಕಟ್ಟಿದ್ದ ಬಡಾವಣೆ ಸಮಿತಿಗಳ ಹುಡುಗ ಹುಡುಗಿಯರೇ 'ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್' ಎಂಬ ಹೆಸರಲ್ಲಿ ಸೇರಿಕೊಂಡರು. ಗಾಯಗೊಂಡವರನ್ನು ಸಾಗಿಸಿದರು, ಬೋರ್‌ವೆಲ್ ರಿಪೇರಿ ಮಾಡಿದರು, ಎಲ್ಲಕ್ಕಿಂತ ಹೆಚ್ಚಾಗಿ ಅಡುಗೆ ಮಾಡಿದರು. ಆ ಅಡುಗೆ ಕೇಂದ್ರಗಳಿಗೆ ತಕಿಯಾ ಎನ್ನುತ್ತಾರೆ. ಸೂಫಿ ಮಠಗಳ ದಾಸೋಹದಿಂದ ಬಂದ ಹೆಸರು. ಪ್ರವಾಹ ಬಂದಾಗ ನಮ್ಮಲ್ಲಿ ತೆರೆಯುವ ಗಂಜಿ ಕೇಂದ್ರ ಕಣ್ಣಮುಂದೆ ತಂದುಕೊಳ್ಳಿ. ವ್ಯತ್ಯಾಸ ಇಷ್ಟೇ: ಅಲ್ಲಿ ತಹಶೀಲ್ದಾರರಿಲ್ಲ, ಮೇಲೆ ಡ್ರೋನ್ ಹಾರುತ್ತಿರುತ್ತದೆ, ಸ್ವಯಂಸೇವಕರನ್ನು ಎರಡೂ ಕಡೆಯವರು ಶತ್ರುವಿನ ಗೂಢಚಾರರೆಂದು ಹಿಡಿದೊಯ್ಯುತ್ತಾರೆ.

ಹಣ ತಲುಪುವುದು ಫೋನಿನಲ್ಲಿ. ಬ್ಯಾಂಕ್ ಆಫ್ ಖಾರ್ಟೂಮ್‌ನ ಬಂಕಕ್ ಎಂಬ ಆ್ಯಪ್ ನಮ್ಮ ಫೋನ್‌ಪೇಯಂತೆ ಅಲ್ಲಿ ಜೀವನಾಡಿ. ಕೊಲ್ಲಿ ದೇಶಗಳಲ್ಲಿ, ಯುರೋಪಿನಲ್ಲಿ ದುಡಿಯುವ ಸುಡಾನಿಗರು ಕಳಿಸಿದ ಹಣ ಅದರಲ್ಲಿ ಬರುತ್ತದೆ. ಸ್ವಯಂಸೇವಕರು ಅಂಗಡಿಯವನಿಗೆ ಅದರಲ್ಲೇ ಪಾವತಿಸಿ ಜೋಳ, ಬೇಳೆ, ಎಣ್ಣೆ, ಸೌದೆ ತರುತ್ತಾರೆ. ನೆಟ್‌ವರ್ಕ್ ಹೋದರೆ ಒಲೆ ಹತ್ತುವುದಿಲ್ಲ. 2024ರ ಫೆಬ್ರವರಿಯಲ್ಲಿ ದೇಶದ ಬಹುಭಾಗದಲ್ಲಿ ಫೋನ್ ಸಂಪರ್ಕ ಕಡಿದಾಗ ಇದೇ ಆಯಿತು. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ಒಮ್ಮೆಗೇ ನಿಲ್ಲಿಸಿದಾಗ ಸಾವಿರಕ್ಕೂ ಹೆಚ್ಚು ತಕಿಯಾಗಳ ಒಲೆ ಆರಿತು. ವಾಷಿಂಗ್ಟನ್ನಿನ ಒಂದು ಸಹಿಗೂ ಸುಡಾನಿನ ಒಂದು ಹಂಡೆಗೂ ನಡುವೆ ಅಷ್ಟೇ ದೂರ. ಈ ಯುವಕರ ಜಾಲಕ್ಕೆ 2025ರಲ್ಲಿ ನಾರ್ವೆಯ ರಾಫ್ಟೊ ಪ್ರಶಸ್ತಿ, ಅದೇ ವರ್ಷ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದವು.

ಮುಯ್ಯಿ ಎಂಬ ಮಾತು ಎತ್ತಿದ್ದಕ್ಕೆ ಇನ್ನೂ ಒಂದು ಕಾರಣವಿದೆ. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮುಖ್ಯ ಕಟ್ಟಡದ ಹೆಸರು ಸುಡಾನ್ ಬ್ಲಾಕ್. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಪಡೆಗಳಿಂದ ಸುಡಾನನ್ನು ಕಾಪಾಡಲು ಹೋರಾಡಿ ಸತ್ತ ಭಾರತೀಯ ಸೈನಿಕರ ಸ್ಮರಣೆಗೆಂದು ಆ ದೇಶ 1,00,000 ಪೌಂಡ್ ಕೊಟ್ಟಿತ್ತು. ದೇಶ ವಿಭಜನೆಯ ಬಳಿಕ ನಮ್ಮ ಪಾಲಿಗೆ ಬಂದ 70,000 ಪೌಂಡ್ ಆ ಕಟ್ಟಡಕ್ಕೆ ಹೋಯಿತು. 1953ರಲ್ಲಿ ಸುಡಾನಿನ ಮೊದಲ ಸಾರ್ವತ್ರಿಕ ಚುನಾವಣೆಯ ಉಸ್ತುವಾರಿ ವಹಿಸಿದವರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಕೊಡುವುದು, ತೆಗೆದುಕೊಳ್ಳುವುದು ಎರಡೂ ನಡೆದ ಸಂಬಂಧ ಇದು. ಸುಡಾನಿಗೆ ಕೊಟ್ಟರೆ ದಾನ ಮಾಡಿದೆವು ಎಂದು ಬೀಗುವ ಹಾಗಿಲ್ಲ.

ಕನ್ನಡದಲ್ಲಿ ಮುಯ್ಯಿಗೆ ಇನ್ನೊಂದು ಅರ್ಥವೂ ಇದೆ, ಸೇಡು. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಉತ್ತರದ ಅಂಚಿನಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಗುದ್ದಿ ಸ್ಥಳೀಯ ಮಹಿಳೆ ಸತ್ತರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು, ಮೈಬಣ್ಣ ಒಂದೇ ಎಂಬ ಕಾರಣಕ್ಕೆ, ಗುಂಪು ಎಳೆದು ಹೊಡೆಯಿತು. ಅವಳಿಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಆದ್ದರಿಂದ ಸುಡಾನಿಗೆ ಏನು ಮಾಡಬಹುದು ಎಂದು ಕೇಳುವವರಿಗೆ ಮೊದಲ ಉತ್ತರ ನಮ್ಮದೇ ಬೀದಿಯಲ್ಲಿದೆ. ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲಿ ಸುಡಾನಿನ ಹುಡುಗ ಹುಡುಗಿಯರು ವರ್ಷಗಳಿಂದ ಓದುತ್ತಿದ್ದಾರೆ. ಮನೆ ಸುಟ್ಟು, ಅಪ್ಪನ ಅಂಗಡಿ ಲೂಟಿಯಾದವನಿಗೂ ಇಲ್ಲಿ ಫೀಸು, ಬಾಡಿಗೆ, ವೀಸಾ ನವೀಕರಣ ತಪ್ಪುವುದಿಲ್ಲ. ಅಂಥವರಿಗೆ ಮನೆ ಬಾಡಿಗೆಗೆ ಕೊಡುವುದು, ಅಡ್ವಾನ್ಸನ್ನು ಕಂತಿನಲ್ಲಿ ತೆಗೆದುಕೊಳ್ಳುವುದು, ಕಾಲೇಜಿನಲ್ಲಿ ಫೀಸಿಗೆ ಗಡುವು ಕೊಡಿಸುವುದು, 'ಮನೆಯವರ ಜೊತೆ ಮಾತಾಡೋಕೆ ಆಯ್ತಾ' ಎಂದು ಕೇಳುವುದು ದೂರದ ಯುದ್ಧಕ್ಕೆ ಹತ್ತಿರದಿಂದ ಸಲ್ಲುವ ಕೆಲಸ. ಹೀಗೆ ಕೇಳುವಾಗ ಒಂದು ಎಚ್ಚರ: ಸತ್ತವರ ವಿವರ ಕೆದಕಬೇಡಿ. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ.

ಹಣ ಕಳಿಸುವುದಾದರೆ, ಭಾರತದಿಂದ ವ್ಯಕ್ತಿಯೊಬ್ಬರು ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ ಬ್ಯಾಂಕ್ ಮೂಲಕ ಹೊರದೇಶಕ್ಕೆ ದಾನ ಕಳಿಸಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶವಿದೆ. ನೇರ ವಿದೇಶಿ ಸಂಸ್ಥೆಗೆ ಕೊಟ್ಟದ್ದಕ್ಕೆ 80ಜಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ದೊಡ್ಡ ಸಂಸ್ಥೆಯ ಮೂಲಕ ಕೊಡುವಾಗ ಈ ಹಣ ಸುಡಾನಿಗೇ ಹೋಗುತ್ತದೆಯೇ ಎಂದು ಬರೆದು ಕೇಳಿ, ಉತ್ತರ ಬಂದ ಮೇಲೆ ಕಳಿಸಿ. 2025ರಲ್ಲಿ ಸುಡಾನಿಗೆಂದು ವಿಶ್ವಸಂಸ್ಥೆ ಕೇಳಿದ್ದು ಸುಮಾರು 420 ಕೋಟಿ ಡಾಲರ್. ಅದರಲ್ಲಿ ಅರ್ಧವೂ ಬರಲಿಲ್ಲ. ಒಮ್ಮೆ ಹತ್ತು ಸಾವಿರ ಕೊಟ್ಟು ಮರೆಯುವುದಕ್ಕಿಂತ ತಿಂಗಳಿಗೆ ಐದುನೂರು ಕೊಡುವುದು ಉತ್ತಮ, ಏಕೆಂದರೆ ಅಡುಗೆ ದಿನವೂ ಆಗಬೇಕು.

ಕೊಡುವ ಕೈಗೆ ಇನ್ನೊಂದು ಕೆಲಸವಿದೆ, ಕೇಳುವುದು. ಸುಡಾನಿನ ಯುದ್ಧಕ್ಕೆ ಎಣ್ಣೆ ಹೊಯ್ಯುತ್ತಿರುವುದರಲ್ಲಿ ಅಲ್ಲಿನ ಚಿನ್ನದ ಪಾತ್ರ ದೊಡ್ಡದು. ಆ ಚಿನ್ನದ ಬಹುಪಾಲು ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಹೋಗುತ್ತದೆ. ಆರ್‌ಎಸ್‌ಎಫ್‌ಗೆ ಶಸ್ತ್ರ ಒದಗಿಸಿದ ಆರೋಪವೂ ಅದೇ ದೇಶದ ಮೇಲಿದೆ, ಅದು ನಿರಾಕರಿಸುತ್ತ ಬಂದಿದೆ. ನಮ್ಮ ದೇಶ ಆಮದು ಮಾಡಿಕೊಳ್ಳುವ ಚಿನ್ನದಲ್ಲಿ ಒಂದು ಪಾಲು ಎಮಿರೇಟ್ಸ್‌ನಿಂದ ಬರುತ್ತದೆ. ಒಮ್ಮೆ ಕರಗಿದ ಚಿನ್ನ ಯಾವ ಗಣಿಯದೆಂದು ಕಣ್ಣಿಗೆ ಕಾಣದು. ಅಕ್ಷಯ ತೃತೀಯದ ದಿನ ಅಂಗಡಿಯಲ್ಲಿ 'ಇದು ಎಲ್ಲಿಂದ ಬಂದದ್ದು' ಎಂದು ಒಬ್ಬರು ಕೇಳಿದರೆ ಅಂಗಡಿಯವರಿಗೆ ವಿಚಿತ್ರ ಎನಿಸಬಹುದು. ನೂರು ಜನ ಕೇಳಿದರೆ ಅವರು ತಮ್ಮ ಸಗಟು ವ್ಯಾಪಾರಿಯನ್ನು ಕೇಳುತ್ತಾರೆ.

ತಕಿಯಾ ನಡೆಸುವವರು ಕಳಿಸಿದ ಹಣಕ್ಕೆ ಲೆಕ್ಕ ಕೊಡುತ್ತಾರೆ. ಕೊಂಡ ಸಾಮಾನಿನ ಚೀಟಿಯ ಜೊತೆ ಫೋಟೊ ಬರುತ್ತದೆ. ಮೂರು ಕಲ್ಲು ಹೂಡಿದ ಒಲೆ, ಮಸಿ ಹಿಡಿದ ದೊಡ್ಡ ಹಂಡೆ, ತೊಳಸಲು ಉದ್ದನೆಯ ಮರದ ಕೋಲು, ಸಾಲಾಗಿ ಇಟ್ಟ ಬೋಗುಣಿ, ಡಬ್ಬಿ, ಪ್ಲಾಸ್ಟಿಕ್ ಬಕೆಟ್ಟು. ಬೋಗುಣಿ ಇಟ್ಟವರ ಮಾನ ಉಳಿಯಲೆಂದು ಎಷ್ಟೋ ಸಲ ಅವರ ಮುಖ ಫೋಟೊದಲ್ಲಿ ಇರುವುದಿಲ್ಲ. ಹಂಡೆ ಮಾತ್ರ ಇರುತ್ತದೆ, ಪಕ್ಕದಲ್ಲಿ ಕಾಗದದ ಮೇಲೆ ಬರೆದ ಆ ದಿನದ ತಾರೀಖು.